ಸೆರೊಟೋನಿನ್ ಗ್ರಾಹಕಗಳೂ ಮೂತ್ರಕೋಶದ ಸಂಕೋಚವೂ

ಮೂತ್ರಪಿಂಡಗಳಿಂದ ಇಳಿದ ಮೂತ್ರವು ಎರಡು ನಾಳಗಳ ಮೂಲಕ ಮೂತ್ರಕೋಶವನ್ನು ಸೇರಿ, ಅಲ್ಲಿ ಕೆಲಕಾಲ ನಿಂತು, ಬಳಿಕ ಹೊರಬೀಳುವುದು. ಈ ನಾಳಗಳ ಹಾಗೂ ಕೋಶದ ಭಿತ್ತಿಯಲ್ಲಿ ನಯಸ್ನಾಯುವೆಂಬುದಿದೆ. ಕೈಕಾಲುಗಳ ಸ್ನಾಯುವು ಇಚ್ಛೆಗೆ ಅಧೀನವಾದುದು. ಇದಾದರೋ ನರಗಳ ಮತ್ತು ಶರೀರದೊಳಗಣ ಕೆಲವು ದ್ರವ್ಯಗಳ ಸೂಚನೆಯಂತೆ ನಡೆಯತಕ್ಕದ್ದು. ಕೋಶವು ತುಂಬುವಾಗ ಇದು ಸಡಿಲಿರಬೇಕು, ಬರಿದಾಗುವಾಗ ಬಿಗಿಯಬೇಕು. ಈ ಕ್ರಮವು ತಪ್ಪಿದರೆ ಮೂತ್ರವು ತಡೆಯಿಲ್ಲದೆ ಸೋರುವುದು, ಇಲ್ಲವೆ ಕಟ್ಟಿಕೊಳ್ಳುವುದು. ಮುಪ್ಪಿನಲ್ಲಿ ಈ ಎರಡು ಬಾಧೆಗಳೂ ಬಹುಜನರಿಗೆ ಉಂಟು. ಮೇಲೆ ಹೇಳಿದ ದ್ರವ್ಯಗಳಲ್ಲಿ ಸೆರೊಟೋನಿನ್ ಒಂದು.

ಇಟಲಿಯ ಎರ್ಸ್ಪಾಮರ್ ಎಂಬ ವಿದ್ವಾಂಸರು 1930ರ ದಶಕದಲ್ಲಿ ಕರುಳಿನ ಒಳಪೊರೆಯಿಂದ ಒಂದು ಸತ್ತ್ವವನ್ನು ತೆಗೆದು, ಅದು ನಯಸ್ನಾಯುವನ್ನು ಬಿಗಿಯಿಸುವುದೆಂದು ತೋರಿಸಿ, ಎಂಟರಮಿನ್ ಎಂದು ಹೆಸರಿಟ್ಟರು. 1948ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ರಾಪೋರ್ಟ್, ಗ್ರೀನ್, ಪೇಜ್ ಎಂಬ ಮೂವರು ರಕ್ತದ ತಿಳಿಯಿಂದ, ರಕ್ತನಾಳಗಳನ್ನು ಬಿಗಿಯಿಸುವ ದ್ರವ್ಯವೊಂದನ್ನು ಬೇರ್ಪಡಿಸಿದರು. ಸೀರಮ್ ಎಂದರೆ ರಕ್ತದ ತಿಳಿ; ಗ್ರೀಕಿನ ಟೋನೊಸ್ ಎಂದರೆ ಬಿಗಿತ. ಇವೆರಡರಿಂದ ಸೆರೊಟೋನಿನ್ ಎಂಬ ಪದವಾಯಿತು. ಎರಡು ಹೆಸರಿನ ವಸ್ತುವೂ ಒಂದೇ ಎಂಬುದು 1952ರಲ್ಲಿ ಸ್ಥಿರಪಟ್ಟಿತು. ಹೆಸರನ್ನು ನೋಡಿದರೆ ಈ ದ್ರವ್ಯವು ಎಲ್ಲೆಲ್ಲಿಯೂ ಬಿಗಿಯಿಸುವುದೆಂದು ತೋರುವುದು. ವಾಸ್ತವವು ಹಾಗಿಲ್ಲ.

1957ರಲ್ಲಿ ಗ್ಯಾಡಮ್, ಪಿಕರೆಲಿ ಎಂಬಿಬ್ಬರು ಗಿನಿಯಿಲಿಯ ಕರುಳನ್ನು ಪರೀಕ್ಷಿಸಿ, ಸೆರೊಟೋನಿನ್ನನ್ನು ಗ್ರಹಿಸುವ ನೆಲೆಗಳು ಎರಡು ಬಗೆಯವು, ಒಂದು ಸ್ನಾಯುವಿನಲ್ಲಿ, ಇನ್ನೊಂದು ನರದಲ್ಲಿ ಇರುವುದೆಂದು ನಿರ್ಣಯಿಸಿದರು. ಇಂತಹ ನೆಲೆಗೆ ಗ್ರಾಹಕವೆಂದು ಹೆಸರು. ಈಗ ಇವುಗಳಲ್ಲಿ 7 ವರ್ಗಗಳನ್ನು ಗಣಿಸುತ್ತಾರೆ.

‘ಸೈಂಧವವನ್ನು ತಾ’ ಎಂಬ ಮಾತು ಶಾಸ್ತ್ರಜ್ಞರಿಗೆ ಚಿರಪರಿಚಿತವಾದುದು. ಊಟದ ವೇಳೆಯಲ್ಲಿ ಆ ಪದಕ್ಕೆ ಉಪ್ಪೆಂದೂ ಪ್ರಯಾಣದ ವೇಳೆಯಲ್ಲಿ ಕುದುರೆಯೆಂದೂ ಅರ್ಥ. ಸೆರೊಟೋನಿನ್ನಿನ ಸ್ಥಿತಿಯೂ ಇಂತಹುದೇ. ಅದನ್ನು ಗ್ರಹಿಸುವ ಗ್ರಾಹಕ ಯಾವುದು, ಆ ಗ್ರಾಹಕವಿರುವ ಸ್ಥಾನ ಯಾವುದು ಎಂಬೆರಡರಿಂದಲೇ ಫಲವು ನಿಶ್ಚಿತವಾಗುವುದು.

ಸ್ನಾಯುವಿನಲ್ಲಿರುವ ಎರಡನೆಯ ವರ್ಗದ ಗ್ರಾಹಕಕ್ಕೆ ಸೆರೊಟೋನಿನ್ ತಗುಲಿದರೆ ಜೀವಕಣದೊಳಗೆ ಕ್ಯಾಲ್ಸಿಯಂ ಹೆಚ್ಚಿ ಸಂಕೋಚವುಂಟಾಗುವುದು. ನಾಲ್ಕನೆಯ ಮತ್ತು ಏಳನೆಯ ವರ್ಗಗಳು ಸೈಕ್ಲಿಕ್ ಎ.ಎಂ.ಪಿ. ಎಂಬ ದ್ರವ್ಯವನ್ನು ಹೆಚ್ಚಿಸುವುವು. ಇದು ಸ್ನಾಯುವಿನಲ್ಲಿ ಹೆಚ್ಚಿದರೆ ಸಡಿಲಿಕೆಯೇ ಫಲ. ಹಂದಿಯ ಮೂತ್ರಕೋಶದ ಕೊರಳಿನಲ್ಲಿ ಏಳನೆಯ ವರ್ಗದಿಂದ ಹೀಗಾಗುವುದು ಕಂಡುಬಂದಿದೆ. ಮನುಷ್ಯನ ಮೂತ್ರಕೋಶದಲ್ಲಾದರೋ ನಾಲ್ಕನೆಯ ವರ್ಗದ ಗ್ರಾಹಕವು ನರದ ತುದಿಯಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಅದು ಪ್ರಚೋದಿತವಾದರೆ ನರದಿಂದ ಅಸಿಟೈಲ್‌ಕೋಲಿನ್ ಅಧಿಕವಾಗಿ ಸ್ರವಿಸಿ, ಸ್ನಾಯುವು ಮತ್ತಷ್ಟು ಬಿಗಿಯುವುದು. ಸಡಿಲಿಸಬಲ್ಲ ಗ್ರಾಹಕವೇ ಸ್ಥಾನಭೇದದಿಂದ ಬಿಗಿತಕ್ಕೆ ಕಾರಣವಾಯಿತು.

1990ರ ದಶಕದ ಪರೀಕ್ಷೆಗಳಲ್ಲಿ ರೀಸಸ್ ಮಂಗದ ಮೂತ್ರಕೋಶದಲ್ಲಿ ಇದೇ ನಾಲ್ಕನೆಯ ವರ್ಗವು ಸಂಕೋಚವನ್ನು ತಗ್ಗಿಸಿತು. ಮನುಷ್ಯನಿಗೆ ಸಮೀಪದ ಪ್ರಾಣಿಯಲ್ಲಿಯೇ ಫಲವು ವಿಪರೀತವಾಯಿತೆಂಬುದು ವಿಚಾರಾರ್ಹ. ಮಂಗದಲ್ಲಿ ಕಂಡುದನ್ನು ನಂಬಿ, ಸೋರುವ ಮೂತ್ರವನ್ನು ತಡೆಯಲೆಂದು ಈ ಗ್ರಾಹಕವನ್ನು ಪ್ರಚೋದಿಸುವ ಔಷಧವನ್ನು ಕೊಟ್ಟರೆ, ರೋಗಿಗೆ ಬಾಧೆಯು ಹೆಚ್ಚಲೂಬಹುದು. ಪ್ರಕರಣವನ್ನು ನೋಡದೆ ಪದಕ್ಕೆ ಅರ್ಥ ಹೇಳುವವನು ಉಣ್ಣುವವನ ಮುಂದೆ ಕುದುರೆಯನ್ನು ತಂದು ನಿಲ್ಲಿಸುವನು. ಅಲ್ಲಿ ಆಗುವುದು ನಗೆಪಾಟಲು ಮಾತ್ರ. ವೈದ್ಯದಲ್ಲಿ ಆ ತಪ್ಪನ್ನು ಅನುಭವಿಸತಕ್ಕವನು ರೋಗಿ.