ಹಿಡಿಯುವ ಕೊಕ್ಕು

ಮಳೆಗಾಲ ಕಳೆದ ಮೇಲೆ ಮುಂಬಯಿ ಹತ್ತಿರದ ಟಿಟ್ವಾಳಾದ ಮಹಾಗಣಪತಿ ಗುಡಿಯಿಂದ ಕಾಳು ನದಿಯ ಕಡೆ ಹೋದರೆ, ದಂಡೆಯ ಕೆಸರಿನಲ್ಲಿ ಬಕಗಳು ಅಲುಗಾಡದೆ ನಿಂತಿರುತ್ತವೆ. ಜಾರುವ ಮೀನನ್ನು ಕೊಕ್ಕು ಸರಕ್ಕನೆ ಎತ್ತುವುದನ್ನು ನೋಡಿದಾಗಲೆಲ್ಲ ನನಗೆ ಆಪರೇಷನ್ ಥಿಯೇಟರಿನ ಟ್ರೇ ನೆನಪಾಗುತ್ತದೆ. ಪ್ರಾಚೀನ ಭಾರತದ ಶಸ್ತ್ರವೈದ್ಯ ಸುಶ್ರುತನೂ ಈ ಹಕ್ಕಿಯನ್ನು ಚೆನ್ನಾಗಿ ನೋಡಿದ್ದಿರಬೇಕು. ಮೈಯೊಳಗೆ ಹೂತದ್ದನ್ನು ಕೀಳುವ ಇಕ್ಕಳಗಳಲ್ಲಿ ‘ಕಂಕಮುಖ’, ಅಂದರೆ ಬಕದ ಮೂತಿಯದು, ಶ್ರೇಷ್ಠ ಎನ್ನುತ್ತಾನೆ: ಸಲೀಸಾಗಿ ಒಳಹೋಗುತ್ತದೆ, ಬಿಗಿಯಾಗಿ ಹಿಡಿಯುತ್ತದೆ, ಹಿಡಿದದ್ದರ ಸಮೇತ ಹೊರಬರುತ್ತದೆ.

ಅವನ ಸಂಹಿತೆಯಲ್ಲಿ ಯಂತ್ರಗಳು 101, ಶಸ್ತ್ರಗಳು 20. ಹರಿತವಾದದ್ದು ಶಸ್ತ್ರ, ಹಿಡಿಯುವ, ಎಳೆಯುವ, ಅಗಲಿಸುವ ಮೊಂಡು ಸಲಕರಣೆ ಯಂತ್ರ. ಎಲ್ಲ ಯಂತ್ರಗಳಿಗೂ ಮೇಲಾದದ್ದು ಕೈ ಎಂದೂ ಹೇಳಿದ್ದಾನೆ. ಶಸ್ತ್ರಚಿಕಿತ್ಸೆ ಎಂಬ ನಮ್ಮ ಪದ ಈ ಲೆಕ್ಕವನ್ನು ಮರೆಸಿಬಿಟ್ಟಿದೆ. ಕೊಯ್ಯುವುದು ಕ್ಷಣದ ಕೆಲಸ. ಆಮೇಲಿನ ಹೊತ್ತೆಲ್ಲ ಹಿಡಿದುಕೊಳ್ಳುವುದರಲ್ಲೇ ಹೋಗುತ್ತದೆ.

ಇಂದಿನ ಥಿಯೇಟರಿನಲ್ಲಿ ಡಾಕ್ಟರು ‘ಆರ್ಟರಿ’ ಎಂದು ಕೈ ಚಾಚಿದರೆ ಸಿಸ್ಟರ್ ಕೊಡುವುದು ಆರ್ಟರಿ ಫೋರ್ಸೆಪ್ಸ್. ನೋಡಲು ಕತ್ತರಿಯೇ, ಆದರೆ ಅಲಗಿನ ಬದಲು ಅಡ್ಡಗೀರಿನ ದವಡೆ. ರಕ್ತ ಚಿಮ್ಮುವ ನಾಳವನ್ನು ಕಚ್ಚಿ ಅದುಮುವುದು ಇದರ ಕೆಲಸ. ಸುಶ್ರುತನ ಇಕ್ಕಳದ ಎರಡು ತೋಳನ್ನು ಮಸೂರದ, ಅಂದರೆ ಚನ್ನಂಗಿ ಬೇಳೆಯ ಆಕಾರದ ಮೊಳೆ ಸೇರಿಸುತ್ತಿತ್ತು. ಈಗಿನ ಒಳ್ಳೆಯ ಫೋರ್ಸೆಪ್ಸಿನಲ್ಲಿ ಒಂದು ತೋಳು ಇನ್ನೊಂದರ ಸೀಳಿನೊಳಗೇ ಹಾದುಹೋಗುತ್ತದೆ. ಹಾಗಾಗಿ ದವಡೆ ಪಕ್ಕಕ್ಕೆ ವಾಲುವುದಿಲ್ಲ. ಬೆರಳುಂಗುರಗಳ ಹತ್ತಿರ ಗರಗಸದಂಥ ಪುಟ್ಟ ಹಲ್ಲುಗಳಿವೆ. ಒತ್ತಿದರೆ ಕಟಕ್, ಇನ್ನಷ್ಟು ಒತ್ತಿದರೆ ಮತ್ತೊಂದು ಕಟಕ್. ಕೈ ಬಿಟ್ಟರೂ ಹಿಡಿತ ಬಿಡುವುದಿಲ್ಲ. ಈ ಕಟಕ್ ನನಗೆ ಚಕ್ರದಷ್ಟೇ ದೊಡ್ಡ ಸಂಗತಿಯಾಗಿ ಕಾಣುತ್ತದೆ. 16ನೇ ಶತಮಾನದ ಫ್ರಾನ್ಸಿನಲ್ಲಿ ಆಂಬ್ರಾಸ್ ಪಾರೆ ಕಾಗೆಕೊಕ್ಕಿನ ಇಕ್ಕಳದಿಂದ ನಾಳ ಎಳೆದು ದಾರ ಕಟ್ಟುತ್ತಿದ್ದ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಪೇಆನ್, ಲಂಡನ್ನಿನ ಸ್ಪೆನ್ಸರ್ ವೆಲ್ಸ್ ತಾನಾಗಿ ಕಚ್ಚಿ ನಿಲ್ಲುವ ಫೋರ್ಸೆಪ್ಸನ್ನು ಬಳಕೆಗೆ ತಂದರು. ನಾಲ್ಕೈದು ನಾಳಗಳನ್ನು ಒಟ್ಟಿಗೆ ತಡೆದಿಟ್ಟು ನಿಧಾನವಾಗಿ ಕಟ್ಟುವುದು ಆಗ ಸಾಧ್ಯವಾಯಿತು.

ಹೀಗೆ ಹಳತನ್ನೂ ಹೊಸತನ್ನೂ ಜೋಡಿಸಿ ನೋಡಿದವರೊಬ್ಬರು ನಮ್ಮ ಪಕ್ಕದಲ್ಲೇ ಇದ್ದರು: ಅದೇ ಕಾಲದಲ್ಲಿ ಕಲ್ಯಾಣದಲ್ಲಿ, 1865ರಲ್ಲಿ, ಆನಂದಿಬಾಯಿ ಜೋಶಿ ಹುಟ್ಟಿದರು. 1886ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆದ ಅವರು ಪ್ರಬಂಧ ಬರೆದದ್ದು ಹಿಂದೂಗಳ ಪ್ರಸೂತಿಶಾಸ್ತ್ರದ ಮೇಲೆ. ಹಳೆಯ ಸಂಸ್ಕೃತ ಗ್ರಂಥಗಳನ್ನೂ ಹೊಸ ಪಠ್ಯಗಳನ್ನೂ ಒಟ್ಟಿಗೆ ಓದಿಕೊಂಡು. ಮರುವರ್ಷವೇ, 22 ತುಂಬುವ ಮೊದಲೇ, ಕ್ಷಯದಿಂದ ತೀರಿಕೊಂಡರು. ಕಲ್ಯಾಣ ಸ್ಟೇಷನ್ ದಾಟುವಾಗ ಆ ವಯಸ್ಸು ನೆನಪಾಗಿ ಎದೆ ಭಾರವಾಗುತ್ತದೆ.

ಇಕ್ಕಳಗಳಿಗೆ ಪ್ರಾಣಿಗಳ ಹೆಸರಿಡುವ ಆ ಹಳೆಯ ರೂಢಿ ಇಂದಿನ ಟ್ರೇಯಿಂದ ಇನ್ನೂ ಹೋಗಿಲ್ಲ. ಸಣ್ಣ ನಾಳಕ್ಕೆ ‘ಮಸ್ಕಿಟೊ’, ನಾಳವನ್ನು ತಾತ್ಕಾಲಿಕವಾಗಿ ಮುಚ್ಚಲು ‘ಬುಲ್‌ಡಾಗ್’, ಮೂಳೆ ಹಿಡಿಯಲು ‘ಲಯನ್’, ಸುಶ್ರುತನಲ್ಲೂ ಸಿಂಹಮುಖವಿತ್ತು. ಎಲ್ಲ ಅಂಗಗಳಿಗೂ ದವಡೆಯ ಹಲ್ಲು ಒಪ್ಪುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಗರ್ಭನಾಳವನ್ನು ಮೇಲೆತ್ತುವ ಬ್ಯಾಬ್‌ಕಾಕ್‌ ಫೋರ್ಸೆಪ್ಸಿನ ತುದಿ ದುಂಡಗೆ, ನಡುವೆ ಖಾಲಿ. ಮೃದು ಅಂಗ ನಲುಗದೆ ಆ ಖಾಲಿಯಲ್ಲಿ ಕೂರುತ್ತದೆ. ಕೆಲಸ ಮುಗಿದ ಮೇಲೆ ಇವನ್ನೆಲ್ಲ ಬಾಯಿ ತೆರೆದೇ ತೊಳೆದು, ತೆರೆದೇ ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಇಡಬೇಕು. ಮುಚ್ಚಿದ ಕೀಲಿನೊಳಗೆ 121 ಡಿಗ್ರಿಯ ಹಬೆ ನುಗ್ಗಲಾರದು.

ನಮ್ಮ ಮನೆಯ ಮಗು ಒಮ್ಮೆ ಕಿವಿಗೆ ಹತ್ತಿ ತುರುಕಿಕೊಂಡಿತ್ತು. ಕಿವಿ ಡಾಕ್ಟರು ಕೈಗೆತ್ತಿಕೊಂಡದ್ದು ‘ಕ್ರೊಕೊಡೈಲ್’ ಫೋರ್ಸೆಪ್ಸ್. ಸರಿಗೆಯಂಥ ಕಾಂಡ ಅಲುಗಲಿಲ್ಲ, ತುದಿಯ ದವಡೆ ಮಾತ್ರ ತೆರೆಯಿತು. ಒಳಗಿನದು ಕಣ್ಣಿಗೆ ಮರೆಯಾಗಬಾರದೆಂದೇ ಹೀಗೆ ಮಾಡಿದ್ದಾರೆ. ಮಣಿಯಾಗಿದ್ದರೆ ಇದನ್ನು ಮುಟ್ಟುತ್ತಿರಲಿಲ್ಲ, ನುಣುಪಾದ ಗುಂಡು ಜಾರಿ ಇನ್ನೂ ಒಳಹೋಗುತ್ತದೆ, ಅದಕ್ಕೆ ಕೊಕ್ಕೆಯೇ ಬೇಕು ಎಂದರು. ಅಷ್ಟು ಹೇಳುವುದರೊಳಗೆ ಹತ್ತಿ ಹೊರಗೆ ಬಂದಿತ್ತು.