ಮನೆಯ ವಾಟರ್ ಸಾಫ್ಟ್‌ನರ್: ಮಂಗಳೂರಿನ ನೀರಿಗೆ ತಕ್ಕ ನಿರ್ವಹಣೆ

ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಗಳಿಂದ ಉದ್ಯೋಗನಿಮಿತ್ತ ಬಂದು ಮಂಗಳೂರಿನಲ್ಲಿ ನೆಲೆಸಿರುವ ಭಕ್ತರಿಗೆ ವಾಟರ್ ಸಾಫ್ಟ್‌ನರ್ ಮೇಲೆ ನಂಬಿಕೆ ಹೆಚ್ಚು. ಬೇಳೆ ಬೇಯದ, ಸಾಬೂನು ನೊರೆ ಬಿಡದ ನೀರನ್ನು ಬಳಸಿ ಬೇಸತ್ತವರಿಗೆ ಅದು ಸಹಜವೇ. ಆದರೆ ಆ ಸೀಮೆಯ ನೀರೇ ಬೇರೆ, ಈ ಊರಿನ ನೀರೇ ಬೇರೆ.

ತುಂಬೆಯ ಕಿಂಡಿ ಅಣೆಕಟ್ಟಿನಿಂದ ನಗರಕ್ಕೆ ಬರುವ ನೇತ್ರಾವತಿಯ ನೀರು ಸ್ವಭಾವತಃ ಮೆದು. ಮುರಕಲ್ಲು ನೆಲದ ತೆರೆದ ಬಾವಿಗಳ ನೀರೂ ಬಹುಮಟ್ಟಿಗೆ ಮೆದುವೇ; ಅಲ್ಲಿ ಕಾಡುವುದು ಗಡಸುತನವಲ್ಲ, ಆಮ್ಲೀಯತೆ ಮತ್ತು ಕಬ್ಬಿಣ. ಆಮ್ಲೀಯ ನೀರು ಕೊಳವೆಗಳನ್ನೂ ಗೀಸರನ್ನೂ ಸವೆಸುತ್ತದೆ. ಅದಕ್ಕೆ ಸುಣ್ಣಕಲ್ಲಿನ ಹರಳು ತುಂಬಿದ ಶೋಧಕ ಬೇಕು. ಸಾಫ್ಟ್‌ನರ್ ಅಲ್ಲಿ ವ್ಯರ್ಥ ವೆಚ್ಚ. ಅಳಿವೆಯ ಬದಿಯ ಬಾವಿಗಳಿಗೆ ಬೇಸಿಗೆಯಲ್ಲಿ ನುಗ್ಗುವ ಉಪ್ಪನ್ನೂ ಅದು ತೆಗೆಯಲಾರದು. ಅದರ ನಿಜವಾದ ಅಗತ್ಯವಿರುವುದು ಗಡಸಾದ ಕೊಳವೆಬಾವಿಯ ನೀರಿಗೆ. 2019ರ ಬೇಸಿಗೆಯಲ್ಲಿ ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಗಿ ಬಂದುದನ್ನು ಓದುಗರು ಮರೆತಿರಲಾರರು. ಅಂತಹ ದಿನಗಳಲ್ಲಿ ವಸತಿ ಸಮುಚ್ಚಯಗಳ ಸಂಪಿಗೆ ಕೊಳವೆಬಾವಿಯ ನೀರೂ ಟ್ಯಾಂಕರಿನ ನೀರೂ ಸೇರುತ್ತವೆ. ಆದುದರಿಂದ ಮಳೆಗಾಲದಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ನೀರನ್ನು ಪರೀಕ್ಷೆಗೆ ಕೊಡುವುದು ಒಳಿತು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 600ರವರೆಗೆ ಒಪ್ಪಬಹುದು.

ಯಂತ್ರದೊಳಗಿನ ರೆಸಿನ್ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳಲ್ಲಿನ ಸೋಡಿಯಂ ತೀರಿದಾಗ ಉಪ್ಪುನೀರು ಹಾಯಿಸಿ ಅವುಗಳನ್ನು ಮತ್ತೆ ಸಜ್ಜುಗೊಳಿಸಬೇಕು. ಇದು ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಲೆಕ್ಕ ಹಾಕಬಹುದು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನವನ್ನು ಹೀರುತ್ತದೆಂದುಕೊಂಡರೆ, 25 ಲೀಟರ್ ರೆಸಿನ್ನಿನ ಯಂತ್ರ 300 ಮಿಲಿಗ್ರಾಂ ಗಡಸುತನದ ನೀರನ್ನು ಸುಮಾರು 4,100 ಲೀಟರಿನಷ್ಟು ಮೆದು ಮಾಡೀತು. ಐವರ ಮನೆಯಲ್ಲಿ ತಲೆಗೆ 135 ಲೀಟರಿನಂತೆ ಬಳಸಿದರೆ ಆರು ದಿನಕ್ಕೊಮ್ಮೆ ಉಪ್ಪು ಹಾಯಿಸಬೇಕಾಗುತ್ತದೆ. ಪ್ರತಿಸಲ ಮೂರು ಕಿಲೋ ಉಪ್ಪು ಖರ್ಚು. ಯಂತ್ರ ಜೋಡಿಸಿದವರು ಹಾಕಿಕೊಟ್ಟ ಅವಧಿಯನ್ನೇ ವರ್ಷವಿಡೀ ನಂಬುವುದು ಸರಿಯಲ್ಲ. ನೀರು ಮೆದುವಾಗಿದೆಯೇ ಎಂದು ತಿಳಿಯಲು ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಸಾಬೂನಿನ ಕೆಲವು ತುಣುಕು ಹಾಕಿ ಅಲುಗಿಸಿರಿ. ನೊರೆ ನಿಲ್ಲದೆ ನೀರು ಕದಡಿದರೆ ಗಡಸುತನ ಉಳಿದಿದೆ ಎಂದರ್ಥ. ಡಿಟರ್ಜೆಂಟ್ ಪುಡಿ ಗಡಸು ನೀರಿನಲ್ಲೂ ನೊರೆ ಕೊಡುವುದರಿಂದ ಈ ಪರೀಕ್ಷೆಗೆ ಒದಗದು.

ಉಪ್ಪಿನ ತೊಟ್ಟಿಯ ಕಡೆ ಕರಾವಳಿಯಲ್ಲಿ ವಿಶೇಷ ಗಮನ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಉಪ್ಪು ಮೇಲೆ ಹೆಪ್ಪುಗಟ್ಟಿ, ಕೆಳಗೆ ಪೊಳ್ಳಾಗುತ್ತದೆ. ನೋಡುವವರಿಗೆ ತೊಟ್ಟಿ ತುಂಬಿದಂತೆಯೇ ಕಾಣುತ್ತದೆ. ನೀರು ಮಾತ್ರ ಉಪ್ಪನ್ನು ಮುಟ್ಟಿರುವುದಿಲ್ಲ. ಮರದ ಕೋಲಿನಿಂದ ಮೆಲ್ಲನೆ ತಿವಿದು ಹೆಪ್ಪನ್ನು ಒಡೆಯಬೇಕು. ಮಳೆಗಾಲದಲ್ಲಿ ಅರ್ಧ ತೊಟ್ಟಿಯಷ್ಟೇ ಉಪ್ಪು ತುಂಬಬೇಕು. ಅಡುಗೆಯ ಪುಡಿಯುಪ್ಪು ಕೆಸರಾಗಿ ಕೂರುತ್ತದೆ. ಅಗ್ಗದ ಕಲ್ಲುಪ್ಪಿನಲ್ಲಿ ಮರಳು ಇರುತ್ತದೆ. ಸಾಫ್ಟ್‌ನರಿಗೆಂದೇ ಸಿಗುವ ಗುಳಿಗೆ ಉಪ್ಪು ದುಬಾರಿಯಾದರೂ ಮೇಲು. ವರ್ಷಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ತೊಳೆಯತಕ್ಕದ್ದು.

ಕಬ್ಬಿಣ ರೆಸಿನ್ನಿನ ಶತ್ರು. ಬಕೆಟ್ಟಿನಲ್ಲಿ ತಿಳಿಯಾಗಿದ್ದ ನೀರು ಬೆಳಗಾಗುವಷ್ಟರಲ್ಲಿ ಕಾವಿ ಬಣ್ಣಕ್ಕೆ ತಿರುಗಿದರೆ, ಸಾಫ್ಟ್‌ನರಿಗಿಂತ ಮೊದಲು ಕಬ್ಬಿಣ ತೆಗೆಯುವ ಶೋಧಕ ಇರಲೇಬೇಕು. ಇಲ್ಲವಾದರೆ ಮಣಿಗಳಿಗೆ ತುಕ್ಕು ಮೆತ್ತಿಕೊಂಡು, ಎಷ್ಟು ಉಪ್ಪು ಸುರಿದರೂ ಅವು ಸರಿಯಾಗಿ ಕೆಲಸ ಮಾಡವು. ರಜೆಯಲ್ಲಿ ಊರಿಗೆ ಹೋಗಿ ವಾರಗಟ್ಟಲೆ ಮನೆ ಮುಚ್ಚಿದ್ದವರು ಮರಳಿದ ಮೇಲೆ ಒಮ್ಮೆ ಉಪ್ಪು ಹಾಯಿಸಿ, ಮೊದಲ ನೀರನ್ನು ಚೆಲ್ಲಿ ಬಳಕೆಗೆ ತೊಡಗಬೇಕು. ನಿಂತ ನೀರಿನ ಮಣಿಗಳಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ.

ಇನ್ನು ಆರೋಗ್ಯದ ಮುಖ್ಯ ಮಾತು. ಗಡಸು ನೀರು ಪಾತ್ರೆಗೆ, ಗೀಸರಿಗೆ ಕೆಡುಕೇ ಹೊರತು ದೇಹಕ್ಕೆ ಸಾಮಾನ್ಯವಾಗಿ ವಿಷವಲ್ಲ; ಅದರ ಕ್ಯಾಲ್ಸಿಯಂ ಶರೀರಕ್ಕೆ ಬೇಕಾದದ್ದೇ. ಮೆದು ಮಾಡಿದ ನೀರಿನಲ್ಲಾದರೋ ತೆಗೆದ ಪ್ರತಿ 100 ಮಿಲಿಗ್ರಾಂ ಗಡಸುತನಕ್ಕೆ 46 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ಮೇಲೆ ಹೇಳಿದ ಮನೆಯಲ್ಲಿ ದಿನಕ್ಕೆ ಮೂರು ಲೀಟರ್ ಕುಡಿಯುವವರಿಗೆ 414 ಮಿಲಿಗ್ರಾಂ ಸೋಡಿಯಂ ನೀರಿನಿಂದಲೇ ಹೋಗುತ್ತದೆ. ವಯಸ್ಕರಿಗೆ ದಿನಕ್ಕೆ 2,000 ಮಿಲಿಗ್ರಾಮಿಗಿಂತ ಕಡಿಮೆ ಇರಲಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಮುಂದೆ ಇದು ಐದನೆಯ ಒಂದು ಪಾಲು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ಉಪ್ಪು ಬಿಟ್ಟಿರುವ ಹಿರಿಯರು ಊಟದಲ್ಲಿ ಉಳಿಸಿದ್ದನ್ನು ಲೋಟದಲ್ಲಿ ಕುಡಿದಂತಾಗುತ್ತದೆ. ಸೋಡಿಯಂ ಬೇಡವೆಂದು ಪೊಟ್ಯಾಸಿಯಂ ಉಪ್ಪು ತುಂಬುವವರಿದ್ದಾರೆ. ಅದು ಮೂತ್ರಪಿಂಡದ ರೋಗಿಗಳಿಗೆ ಇನ್ನಷ್ಟು ಅಪಾಯಕರ.

ಆದಕಾರಣ ಅಡುಗೆಮನೆಯ ಒಂದು ನಲ್ಲಿಗೆ ಸಾಫ್ಟ್‌ನರ್ ದಾಟದ ಪ್ರತ್ಯೇಕ ಕೊಳವೆ ಹಾಕಿಸಿ, ಪರೀಕ್ಷೆಯಲ್ಲಿ ಕುಡಿಯಲು ಯೋಗ್ಯವೆಂದಾದ ನೀರನ್ನು ಅದರಲ್ಲಿ ಬರಿಸಿರಿ. ಪೂಜೆಯ ಅಗ್ಗವಣಿಯೂ ಪಾದೋದಕವೂ ಸೇವಿಸುವ ನೀರೇ ಆದುದರಿಂದ ಅವನ್ನೂ ಅಲ್ಲಿಂದಲೇ ತುಂಬಿಕೊಳ್ಳಬೇಕು. ಮೆದು ನೀರು ಸ್ನಾನಕ್ಕೆ, ಬಟ್ಟೆಗೆ, ಗೀಸರಿಗೆ ಇರಲಿ.

ಉಪ್ಪು ಹಾಯಿಸಿದಾಗ ಹೊರಬೀಳುವ ನೀರನ್ನು ತೆಂಗಿನ ಬುಡಕ್ಕೋ ಮಲ್ಲಿಗೆ ಗಿಡಕ್ಕೋ ಬಿಡಬೇಡಿರಿ. ಮುರಕಲ್ಲಿನಲ್ಲಿ ನೀರು ಬೇಗ ಇಳಿಯುತ್ತದೆ. ಇಂಗುಗುಂಡಿಗೆ ಬಿಟ್ಟ ಉಪ್ಪು ನಿಮ್ಮ ಬಾವಿಗೋ ನೆರೆಮನೆಯವರ ಬಾವಿಗೋ ತಲುಪೀತು. ಒಳಚರಂಡಿ ಇರುವಲ್ಲಿ ಅದಕ್ಕೇ ಜೋಡಿಸಿ, ಕೊಳೆನೀರು ಹಿಂದಕ್ಕೆ ಏರದಂತೆ ಕೊಳವೆಯ ತುದಿಗೂ ಚರಂಡಿಯ ಬಾಯಿಗೂ ನಡುವೆ ಒಂದೆರಡು ಅಂಗುಲ ತೆರವು ಬಿಡಿಸಬೇಕು.