ಹಳೆಯ ಗಾಡಿಯ ಪವರ್ ವಿಂಡೋ: ದೋಷ ಹುಡುಕುವ ಕ್ರಮ

ನಮ್ಮ ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಹಳ್ಳಿಗಳಲ್ಲಿ ಈಗ ಮನೆಗೊಂದು ಇಲ್ಲದಿದ್ದರೂ ಓಣಿಗೊಂದಾದರೂ ಹಳೆಯ ಗಾಡಿ ಕಾಣಸಿಗುವದು. ದಾಳಿಂಬೆಯ ಪೆಟ್ಟಿಗೆಗಳನ್ನು ಪೇಟೆಗೆ ಒಯ್ಯಲು, ಬೇನೆಬಿದ್ದವರನ್ನು ದವಾಖಾನೆಗೆ ಮುಟ್ಟಿಸಲು ಅದೇ ಆಸರೆ. ಇಂಡಿಕಾ, ಸುಮೋ, ಬೊಲೆರೊ ಮುಂತಾದವುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಕಿಟಕಿಯ ಗಾಜನ್ನು ಕೈಯಿಂದ ತಿರುವಬೇಕಾಗಿಲ್ಲ; ಗುಂಡಿ ಒತ್ತಿದರೆ ಅದು ತಾನೇ ಏರುವದು, ಇಳಿಯುವದು. ಇದಕ್ಕೆ ಪವರ್ ವಿಂಡೋ ಎನ್ನುವರು. ಗಾಡಿಗೆ ಹತ್ತು-ಹದಿನೈದು ವರುಷವಾದ ಮೇಲೆ ಈ ಗಾಜು ಮೊಂಡು ಹಿಡಿಯುವದುಂಟು. ಇಳಿದ ಗಾಜು ಏರದಿದ್ದರೆ ಮಳೆ, ಧೂಳು ಒಳಗೆ ಬಂದಂತೆಯೇ. ಕಳ್ಳನಿಗೂ ದಾರಿ ತೆರೆದಂತೆ.

ಇಂಥ ಹೊತ್ತಿನಲ್ಲಿ “ಮೋಟರು ಹೋಗಿದೆ, ಬದಲಿಸಬೇಕು” ಎಂಬ ಮಾತನ್ನೇ ನಾವು ಹೆಚ್ಚಾಗಿ ಕೇಳುತ್ತೇವೆ. ಆದರೆ ದೋಷ ಮೋಟರಿನಲ್ಲಿಯೇ ಇರಬೇಕೆಂದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಸ್ವಿಚ್ಚು ಕೆಟ್ಟಾಗ ಮೋಟರು ಬದಲಿಸಿದರೆ ಹಣ ಹೋಗುವದು, ಗಾಜು ಮಾತ್ರ ಇದ್ದಲ್ಲಿಯೇ ಇರುವದು. ಆದುದರಿಂದ ದೋಷವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಇಲ್ಲಿ ತಿಳಿಸುತ್ತೇವೆ.

ಒಳಗಿನ ರಚನೆ

ಬಾಗಿಲಿನ ಹೊಟ್ಟೆಯಲ್ಲಿ 12 ವೋಲ್ಟಿನ ಚಿಕ್ಕ ಮೋಟರು ಇರುವದು. ಅದು ಹಲ್ಲುಗಾಲಿಯ ಮೂಲಕ ರೆಗ್ಯುಲೇಟರು ಎಂಬ ಸಾಧನವನ್ನು ನಡೆಸುವದು. ಗಾಜನ್ನು ಎತ್ತುವದು ಈ ರೆಗ್ಯುಲೇಟರೇ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಕತ್ತರಿಯಂತೆ ಕೂಡಿದ ಕಬ್ಬಿಣದ ತೋಳುಗಳಿರುವವು. ಇನ್ನೊಂದರಲ್ಲಿ ಬಾವಿಯ ಗಡಗಡೆ-ಹಗ್ಗದಂತೆ ಚಿಕ್ಕ ಗಾಲಿಗಳೂ ತಂತಿಯ ಕೇಬಲ್ಲೂ ಇರುವವು. ಕರೆಂಟು ಒಂದು ದಿಕ್ಕಿಗೆ ಹರಿದರೆ ಗಾಜು ಏರುವದು. ಅದೇ ಎರಡು ವಾಯರುಗಳಲ್ಲಿ ದಿಕ್ಕು ಬದಲಾದರೆ ಇಳಿಯುವದು. ಸ್ವಿಚ್ಚಿನ ಕೆಲಸ ಈ ದಿಕ್ಕು ಬದಲಿಸುವದೇ.

ಕರೆಂಟಿನ ದಾರಿ ಹೀಗಿದೆ: ಬ್ಯಾಟರಿಯಿಂದ ಫ್ಯೂಜು, ಫ್ಯೂಜಿನಿಂದ ಸ್ವಿಚ್ಚು, ಸ್ವಿಚ್ಚಿನಿಂದ ಬಾಗಿಲ ಸಂದಿನ ವಾಯರು, ಅಲ್ಲಿಂದ ಮೋಟರು. ಕೆಲವು ಗಾಡಿಗಳಲ್ಲಿ ನಡುವೆ ರಿಲೇ ಎಂಬುದೂ ಇರುವದು. ಹೊಲಕ್ಕೆ ನೀರು ಬಾರದಿದ್ದರೆ ನಾವು ಕಾಲುವೆಗುಂಟ ನೋಡುತ್ತ ಹೋಗುವದಿಲ್ಲವೆ? ಇಲ್ಲಿಯೂ ಹಾಗೆಯೇ.

ಸಾಮಾನು ಬಿಚ್ಚದೆ ಮಾಡುವ ಪರೀಕ್ಷೆ

1. ಎಲ್ಲ ಗಾಜುಗಳೂ ನಿಂತಿವೆಯೋ, ಒಂದೇ ನಿಂತಿದೆಯೋ? ಎಲ್ಲವೂ ನಿಂತಿದ್ದರೆ ಮೊದಲು ಫ್ಯೂಜು ನೋಡಿರಿ, ಆಮೇಲೆ ರಿಲೇ. ಸುಟ್ಟ ಫ್ಯೂಜಿನ ಜಾಗಕ್ಕೆ ಅಷ್ಟೇ ಅಂಪೇರಿನದನ್ನು ಹಾಕಬೇಕು. ಚಪ್ಪಟೆ ಫ್ಯೂಜುಗಳಲ್ಲಿ ಹಳದಿ 20 ಅಂಪೇರಿನದು, ಹಸಿರು 30 ಅಂಪೇರಿನದು. ತಂತಿ ಸುತ್ತಿ ಕೂಡಿಸುವದು ಗಾಡಿಗೆ ಬೆಂಕಿ ಕರೆದಂತೆ. ಹೊಸ ಫ್ಯೂಜೂ ಕೂಡಲೇ ಸುಟ್ಟರೆ ಎಲ್ಲಿಯೋ ವಾಯರು ತಗುಲಿದೆ, ಇಲ್ಲವೆ ಮೋಟರು ಬಿಗಿದಿದೆ ಎಂದು ತಿಳಿಯಬೇಕು.

2. ಚಾಲಕನ ಗಾಜು ನಡೆದು ಉಳಿದವು ನಡೆಯದಿದ್ದರೆ ಚಾಲಕನ ಕಡೆಯ ಲಾಕ್ ಗುಂಡಿ ಒತ್ತಿದೆಯೋ ನೋಡಿರಿ. ಮಕ್ಕಳು ಆಡುತ್ತ ಅದನ್ನು ಒತ್ತಿರುವದುಂಟು.

3. ಗಾಜಿಗೆ ಎರಡು ಸ್ವಿಚ್ಚುಗಳಿದ್ದರೆ ಎರಡನ್ನೂ ಒತ್ತಿ ನೋಡಿರಿ. ಒಂದರಿಂದ ನಡೆದು ಇನ್ನೊಂದರಿಂದ ನಡೆಯದಿದ್ದರೆ ಮೋಟರಿನಲ್ಲಿ ದೋಷವಿಲ್ಲ. ಗಾಜು ಇಳಿಯುವದು, ಆದರೆ ಏರುವಾಗ ಸದ್ದೇ ಇಲ್ಲ ಎಂದರೂ ಹೆಚ್ಚಾಗಿ ಸ್ವಿಚ್ಚಿನ ದೋಷವೇ. ಒಂದು ಕಡೆಗೆ ತಿರುಗುವ ಮೋಟರು ಇನ್ನೊಂದು ಕಡೆಗೂ ತಿರುಗಬಲ್ಲದು. ಬಹಳ ಗಾಡಿಗಳಲ್ಲಿ ಉಳಿದ ಬಾಗಿಲುಗಳ ಕರೆಂಟು ಚಾಲಕನ ಸ್ವಿಚ್ಚಿನ ಮೂಲಕವೇ ಹಾಯುವದೆಂಬುದನ್ನು ಮರೆಯಬಾರದು.

4. ಕತ್ತಲಾದ ಮೇಲೆ ಎಂಜಿನ್ನು ನಿಲ್ಲಿಸಿ, ಕೀಲಿ ತಿರುವಿ, ಗಾಡಿಯೊಳಗಿನ ದೀಪ ಹಚ್ಚಿ ಗುಂಡಿ ಒತ್ತಿರಿ. ದೀಪ ಮಂಕಾದರೆ ಕರೆಂಟು ಮೋಟರಿಗೆ ಮುಟ್ಟುತ್ತಿದೆ, ಗಾಜು ಇಲ್ಲವೆ ಮೋಟರು ಬಿಗಿದಿದೆ. ದೀಪ ಮಂಕಾಗದಿದ್ದರೆ ದಾರಿಯಲ್ಲಿ ಎಲ್ಲಿಯೋ ಕರೆಂಟು ಕಡಿದಿದೆ, ಇಲ್ಲವೆ ಮೋಟರಿನ ಕಾರ್ಬನ್ ಬ್ರಶ್ಶು ಸವೆದಿದೆ. ಗುಂಡಿ ಒತ್ತಿಕೊಂಡೇ ಬಾಗಿಲಿಗೆ ಅಂಗೈಯಿಂದ ಬಡಿದಾಗ ಗಾಜು ಅಲುಗಿದರೆ ಬ್ರಶ್ಶಿನ ಮೇಲೆ ಸಂಶಯ ಪಡಬೇಕು.

5. ಮೋಟರು ಗುಯ್‌ಗುಟ್ಟಿದರೂ ಗಾಜು ಅಲುಗದಿದ್ದರೆ ಕೇಬಲ್ಲು ಹರಿದಿರುವದು, ಹಲ್ಲು ಸವೆದಿರುವದು, ಇಲ್ಲವೆ ಗಾಜು ಹಿಡಿಕೆಯಿಂದ ಕಳಚಿರುವದು.

6. ಗಾಜು ಮೆಲ್ಲಗೆ ಏರಿದರೆ ಎರಡೂ ಬದಿಯ ರಬ್ಬರ ಗಾಡಿಯಲ್ಲಿ ಧೂಳು ತುಂಬಿ ಅದು ಒಣಗಿರುವ ಸಂಭವವೇ ಹೆಚ್ಚು. ಒದ್ದೆ ಅರಿವೆಯಿಂದ ಒರೆಸಿ, ಆರಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಂಜಿನ್ ಎಣ್ಣೆ, ಗ್ರೀಸು ಬೇಡ. ಅವುಗಳಿಂದ ರಬ್ಬರು ಉಬ್ಬುವದು, ಧೂಳೂ ಅಂಟುವದು. ನಡುವೆಯೇ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ನಡೆಯುವ ಗಾಜಿನ ಮೋಟರು ಕಾದಿರುವದು. ಅದನ್ನು ಸುಡದಂತೆ ಕಾಯುವ ಕಟ್ಟು ಅದರೊಳಗೇ ಇದೆ. ಆಗ ಗುಂಡಿಯನ್ನು ಒತ್ತುತ್ತಲೇ ಇರಬಾರದು.

ಬಾಗಿಲ ಸಂದಿನ ವಾಯರು

ಬಾಗಿಲಿಗೂ ಗಾಡಿಯ ಮೈಗೂ ನಡುವೆ ರಬ್ಬರಿನ ಕೊಳವೆಯೊಂದಿದೆ. ವಾಯರುಗಳು ಅದರಲ್ಲಿ ಹಾಯುವವು. ಬಾಗಿಲು ತೆರೆದು ಮುಚ್ಚಿದಂತೆ ಅವು ಬಾಗಿ ಬಾಗಿ ಒಳಗೇ ಮುರಿಯುವವು. ಮೇಲಿನ ಕವಚ ಸರಿಯಿದ್ದರೂ ತಾಮ್ರ ತುಂಡಾಗಿರುವದು. ಗುಂಡಿ ಒತ್ತಿಕೊಂಡು ಬಾಗಿಲನ್ನು ಮೆಲ್ಲಗೆ ತೆರೆಯುತ್ತ ಮುಚ್ಚುತ್ತ ಹೋಗಿರಿ. ಯಾವುದೋ ಒಂದು ಕೋನದಲ್ಲಿ ಗಾಜಿಗೆ ಜೀವ ಬಂದರೆ ದೋಷ ಸಿಕ್ಕಂತೆಯೇ. ವಾಯರು ತಿರುಚಿ ಟೇಪು ಸುತ್ತಿದರೆ ಬಹಳ ದಿನ ಬಾಳದು. ಬಳುಕುವ ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿಸಿ, ಕೂಡಿದ ಜಾಗ ಬಾಗುವ ಭಾಗದಲ್ಲಿ ಬಾರದಂತೆ ನೋಡಿಕೊಳ್ಳಬೇಕು.

ಬಾಗಿಲು ಬಿಚ್ಚುವಾಗ

ಮೊದಲು ಬ್ಯಾಟರಿಯ ಋಣ ತುದಿ ಕಳಚಿರಿ. ಒಳಹಲಗೆಯ ತಿರುಪುಗಳು ಕೈಯೂರುವ ಜಾಗದಲ್ಲಿಯೂ ಹಿಡಿಕೆಯ ಹಿಂದೆಯೂ ಅಡಗಿರುವವು. ಸುತ್ತಲಿನ ಪ್ಲಾಸ್ಟಿಕ್ ಗುಬ್ಬಿಗಳನ್ನು ಮೆಲ್ಲಗೆ ಎಬ್ಬಬೇಕು. ಹಿಂದಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಒಗೆಯಬಾರದು. ಮಳೆಯ ನೀರು ಒಳಗೆ ಬಾರದಂತೆ ತಡೆಯುವದು ಅದೇ.

ಈಗ ಬ್ಯಾಟರಿ ಮತ್ತೆ ಜೋಡಿಸಿ, ಮೋಟರಿನ ಪ್ಲಗ್ಗು ಕಿತ್ತು, ಅದರ ಎರಡು ತುದಿಗಳ ನಡುವೆ ಪರೀಕ್ಷಾದೀಪ ಹಿಡಿದು ಗುಂಡಿ ಒತ್ತಿಸಿರಿ. ಏರುವ ಇಳಿಯುವ ಎರಡೂ ಬದಿಗೆ ದೀಪ ಹತ್ತಿದರೆ ಕರೆಂಟು ಅಲ್ಲಿಯ ವರೆಗೆ ಬಂದಿದೆ. ಆದರೆ ಸೋತ ಕೂಡಿಕೆಯಲ್ಲಿಯೂ ದೀಪ ಹತ್ತೀತು. ಆದುದರಿಂದ ಪ್ಲಗ್ಗು ಹಾಕಿ, ಗುಂಡಿ ಒತ್ತಿದಾಗಲೇ ಮೀಟರು ಹಿಡಿದು ನೋಡಬೇಕು. ಬ್ಯಾಟರಿಯಲ್ಲಿ 12 ವೋಲ್ಟು ಇದ್ದು ಮೋಟರಿನಲ್ಲಿ 9 ಮಾತ್ರ ತೋರಿಸಿದರೆ ಸ್ವಿಚ್ಚೋ ವಾಯರೋ ಕರೆಂಟು ನುಂಗುತ್ತಿದೆ. ಪೂರ್ಣ ವೋಲ್ಟು ಬಂದೂ, ಗಾಜಿನ ಭಾರ ಬಿಡಿಸಿದ ಮೇಲೂ ಮೋಟರು ತಿರುಗದಿದ್ದರೆ ಆಗ ಮಾತ್ರ ಮೋಟರು ಬದಲಿಸಿರಿ.

ಸ್ವಿಚ್ಚಿನ ತಾಮ್ರದ ಮೊನೆಗಳು ಕರಕಾಗಿದ್ದರೆ ನುಣ್ಣನೆಯ ಪಾಲೀಶ ಕಾಗದದಿಂದ ಹಗುರಾಗಿ ತಿಕ್ಕಿದರೆ ಸಾಕಾಗುವದುಂಟು. ಒಳಗಿನ ಚಿಕ್ಕ ಸ್ಪ್ರಿಂಗು ಹಾರಿಹೋಗದಂತೆ ಅರಿವೆ ಹಾಸಿಕೊಂಡು ಬಿಚ್ಚಿರಿ.

ಎಚ್ಚರಿಕೆ

ಕತ್ತರಿ ತೋಳಿನ ರೆಗ್ಯುಲೇಟರಿಗೆ ಬಲವಾದ ಸ್ಪ್ರಿಂಗು ಇರುವದುಂಟು. ತೋಳನ್ನು ಬಿಗಿಯದೆ ಮೋಟರು ಬಿಚ್ಚಿದರೆ ಅದು ಹಠಾತ್ತನೆ ತಿರುಗಿ ಬೆರಳು ಕತ್ತರಿಸೀತು. ಗಾಜನ್ನೂ ಟೇಪಿನಿಂದ ಮೇಲೆ ಬಿಗಿಯಿರಿ. ಕೈ ಒಳಗಿರುವಾಗ ಯಾರೂ ಗುಂಡಿ ಮುಟ್ಟಬಾರದು. ಇನ್ನು ಮಕ್ಕಳ ವಿಷಯ: ಹಳೆಯ ಗಾಡಿಯ ಗಾಜು ಅಡ್ಡ ಬಂದ ಕೈ-ಕೊರಳುಗಳನ್ನು ಅರಿತು ನಿಲ್ಲುವದಿಲ್ಲ. ಗಾಜು ರಿಪೇರಿಯಾದ ದಿನವೇ ಲಾಕ್ ಗುಂಡಿಯನ್ನೂ ಪರೀಕ್ಷಿಸಿರಿ. ಕೀಲಿಯನ್ನು ಗಾಡಿಯಲ್ಲಿ ಬಿಟ್ಟು ಮಕ್ಕಳನ್ನು ಒಳಗೆ ಕೂಡ್ರಿಸಬೇಡಿರಿ.

ಮಳೆಗಾಲಕ್ಕೆ ಮುಂಚೆ ಬಾಗಿಲಿನ ಕೆಳಅಂಚಿನ ತೂತುಗಳ ಮಣ್ಣು ತೆಗೆದರೆ ಒಳಗೆ ನೀರು ನಿಲ್ಲದು, ಮೋಟರಿಗೆ ತುಕ್ಕೂ ಹಿಡಿಯದು. ಕೆಲಸ ನಿಮ್ಮಿಂದ ಆಗದಿದ್ದರೂ ಚಿಂತೆಯಿಲ್ಲ. ಮೇಲಿನ ಆರು ಪರೀಕ್ಷೆ ಮಾಡಿಕೊಂಡು ಗ್ಯಾರೇಜಿಗೆ ಹೋದರೆ ಯಾವ ಭಾಗಕ್ಕೆ ಹಣ ಕೊಡುತ್ತಿದ್ದೇವೆಂಬುದಾದರೂ ನಿಮಗೆ ತಿಳಿದಿರುವದು.